ವಂಡರ್‌ಲಾಗೆ ಹೊರಡುವ ಮುಂಚೆ ಮಕ್ಕಳ ಎತ್ತರ ಅಳೆಯಿರಿ

ಮನೆಮಂದಿಯೆಲ್ಲ ವಾಟರ್‌ಪಾರ್ಕಿಗೆ ಹೊರಡುವುದು ಎಂದಾದಾಗ ಮೊದಲು ಬೇಕಾಗುವುದು ಟೇಪು. ಟೈಲರ್ ಟೇಪಾದರೂ ಸಾಕು. ಮಗುವನ್ನು ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ತಲೆಯ ಮೇಲೆ ನೋಟ್‌ಬುಕ್ ಅಡ್ಡ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಅಳೆಯಿರಿ. ಜುಟ್ಟು, ಕ್ಲಿಪ್ಪು ಲೆಕ್ಕಕ್ಕಿಲ್ಲ. ಬೆಂಗಳೂರಿನ ವಂಡರ್‌ಲಾದಲ್ಲಿ ಟಿಕೆಟ್ ನಿರ್ಧಾರವಾಗುವುದು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂ.ಮೀ.ಗಿಂತ ಕಡಿಮೆ ಇರುವ ಮಗುವಿಗೆ ಟಿಕೆಟ್ ಬೇಡ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದಕ್ಕೂ ಮೇಲೆ ದೊಡ್ಡವರ ಟಿಕೆಟ್. ಅಂದಾಜಿನ ಮೇಲೆ ಆನ್‌ಲೈನಿನಲ್ಲಿ ಬುಕ್ ಮಾಡಿದರೆ ಗೇಟಿನಲ್ಲಿ ಮತ್ತೆ ಅಳೆಯುತ್ತಾರೆ. ಬೆಳೆಯುವ ಮಕ್ಕಳು ಆರು ತಿಂಗಳಲ್ಲಿ ಎರಡು ಮೂರು ಸೆಂ.ಮೀ. ಏರಿರುತ್ತಾರೆ, ಹಾಗಾಗಿ ಹೋದ ವರ್ಷದ ಅಳತೆಯನ್ನು ನಂಬಬೇಡಿ.

ಟಿಕೆಟ್ ದುಡ್ಡಿಗಿಂತ ದೊಡ್ಡ ವಿಷಯ ಬೇರೆ ಇದೆ. ಜೋರಾದ ರೈಡುಗಳಲ್ಲಿ ಹಲವಕ್ಕೆ 140 ಸೆಂ.ಮೀ. ಆಗಿರಲೇಬೇಕು. ಅಣ್ಣ 143, ತಂಗಿ 118 ಎಂದುಕೊಳ್ಳಿ. ಎಲ್ಲರೂ ಒಟ್ಟಿಗೇ ಹೋಗೋಣ ಅಂತ ಹೊರಟರೆ ಅರ್ಧ ಗಂಟೆ ಕ್ಯೂನಲ್ಲಿ ನಿಂತು, ಮೆಟ್ಟಿಲು ಹತ್ತಿ ಮೇಲೆ ಮುಟ್ಟಿದ ಮೇಲೆ ತಂಗಿಯನ್ನು ವಾಪಸ್ ಕಳಿಸುತ್ತಾರೆ. ಅವಳ ಅಳು, ಇವನ ಮುನಿಸು, ಅಪ್ಪ ಅಮ್ಮನ ಗಲಾಟೆ, ದಿನ ಅಲ್ಲಿಗೇ ಕೆಟ್ಟಿತು. ಅದಕ್ಕೇ ಹಿಂದಿನ ರಾತ್ರಿ ಪಾರ್ಕಿನ ವೆಬ್‌ಸೈಟಿನಲ್ಲಿ ಪ್ರತಿ ರೈಡಿನ ಎತ್ತರದ ಮಿತಿ ನೋಡಿ, ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಾಗದದಲ್ಲಿ ಎರಡು ಪಟ್ಟಿ ಬರೆಯಿರಿ: ಎಲ್ಲರೂ ಸೇರಿ ಹೋಗಬಹುದಾದದ್ದು, ದೊಡ್ಡವನಿಗೆ ಮಾತ್ರ ಆಗುವುದು. ಎರಡನೆಯ ಪಟ್ಟಿಗೆ ಅಪ್ಪ ಅಥವಾ ಅಮ್ಮ ಒಬ್ಬರು ದೊಡ್ಡವನ ಜೊತೆ ಹೋಗಲಿ, ಇನ್ನೊಬ್ಬರು ಚಿಕ್ಕವಳ ಜೊತೆ ಮಕ್ಕಳ ಕೊಳದಲ್ಲಿರಲಿ. ಒಂದು ಗಂಟೆಗೊಮ್ಮೆ ಅದಲು ಬದಲು. ಮನೆಯಲ್ಲಿ ಎಲ್ಲರಿಗಿಂತ ಕುಳ್ಳಗಿರುವವರನ್ನು ನಡುವಿಗಿಟ್ಟುಕೊಂಡು ದಿನವನ್ನು ಹೊಂದಿಸಿದರೆ ಉಳಿದವರಿಗೆ ತಾನಾಗಿಯೇ ಜಾಗ ಸಿಗುತ್ತದೆ.

ಯಾವತ್ತು ಹೋಗುವುದು? ಶನಿವಾರ, ಭಾನುವಾರ, ಸರ್ಕಾರಿ ರಜೆಗೆ ಟಿಕೆಟ್ಟೂ ಜಾಸ್ತಿ, ಕ್ಯೂನೂ ಜಾಸ್ತಿ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ ನವೆಂಬರ್‌ನಿಂದ ಜನವರಿವರೆಗೆ ವಾರದ ದಿನವೂ ಖಾಲಿ ಇರುವುದಿಲ್ಲ. ಅದು ಶಾಲಾ ಪ್ರವಾಸದ ಕಾಲ. ಒಂದೇ ಬಣ್ಣದ ಟೋಪಿ ಹಾಕಿದ ಇನ್ನೂರು ಮುನ್ನೂರು ಮಕ್ಕಳು ಒಟ್ಟಿಗೇ ಒಳಗೆ ಬಂದರೆ ಮಂಗಳವಾರವೂ ಭಾನುವಾರವಾಗುತ್ತದೆ. ಶಾಲೆ ಸೇರದ ಮಕ್ಕಳಿರುವ ಮನೆಯವರಿಗೆ ಫೆಬ್ರವರಿಯ ವಾರದ ದಿನಗಳು ಬಹಳ ಒಳ್ಳೆಯವು, ಚಳಿ ಇಳಿದಿರುತ್ತದೆ, ಶಾಲೆಗಳು ಪರೀಕ್ಷೆಯ ತಯಾರಿಯಲ್ಲಿರುತ್ತವೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಬೇಸಿಗೆ ರಜೆಯಲ್ಲೇ ಹೋಗಬೇಕಾಗುತ್ತದೆ, ಆಗ ಮಂಗಳವಾರ ಅಥವಾ ಬುಧವಾರ ಆರಿಸಿಕೊಳ್ಳಿ.

ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ಲೆಕ್ಕ ಇದೆ. ಬೆಂಗಳೂರಿನ ಸುತ್ತ ಆಗ ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನ ಮೂರು ನಾಲ್ಕರ ಮೇಲೆ, ಅದೂ ಗುಡುಗು ಸಿಡಿಲಿನ ಜೊತೆ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ತಲುಪುವಷ್ಟು ಹತ್ತಿರವಿದೆ ಅಂತಲೇ ಅರ್ಥ. ಸಿಬ್ಬಂದಿ ಹೇಳುವವರೆಗೆ ಕಾಯದೆ ನೀರಿನಿಂದ ಮೇಲೆ ಬಂದು ಗಟ್ಟಿ ಸೂರಿನ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಳೆಯಬೇಕು. ಸ್ಲೈಡಿನ ಮೆಟ್ಟಿಲು ಗೋಪುರಗಳು ನೀರಿನ ಭಾಗದಲ್ಲಿ ಎತ್ತರದ ಜಾಗ, ಹಾಗಾಗಿ ಅವನ್ನು ಮೊದಲು ಖಾಲಿ ಮಾಡಿಸುತ್ತಾರೆ. ಈ ಎರಡು ತಿಂಗಳಲ್ಲಿ ನೀರಿನ ರೈಡುಗಳನ್ನು ಸಂಜೆಗೆ ಉಳಿಸಿಕೊಳ್ಳುವುದು ಬೇಡ. ಪಾರ್ಕ್ ಬಾಗಿಲು ತೆರೆಯುವ ಸಮಯ ಬೇರೆ, ನೀರಿನ ಭಾಗ ಶುರುವಾಗುವ ಮತ್ತು ಮುಚ್ಚುವ ಸಮಯ ಬೇರೆ. ಟಿಕೆಟ್ ಮಾಡುವಾಗಲೇ ಎರಡನ್ನೂ ಬರೆದಿಟ್ಟುಕೊಳ್ಳಿ.

ಇನ್ನು ದಾರಿ. ಪಾರ್ಕ್ ಇರುವುದು ಮೈಸೂರು ರಸ್ತೆಯಲ್ಲಿ, ಬೆಂಗಳೂರಿನಿಂದ ಸುಮಾರು 28 ಕಿ.ಮೀ., ಹೆಜ್ಜಾಲದ ಹತ್ತಿರ. 2005ರಲ್ಲಿ ಪಾರ್ಕ್ ಶುರುವಾದಾಗಿನ ದಾರಿಗೂ ಈಗಿನ ಎಕ್ಸ್‌ಪ್ರೆಸ್‌ವೇಗೂ ಸಂಬಂಧವೇ ಇಲ್ಲ. ಎಕ್ಸ್‌ಪ್ರೆಸ್‌ವೇಯ ಮುಖ್ಯ ಲೇನಿಗೆ ಒಮ್ಮೆ ಹತ್ತಿದರೆ ಬೇಕೆಂದಲ್ಲಿ ಇಳಿಯಲಾಗುವುದಿಲ್ಲ, ಆದ್ದರಿಂದ ಮೊದಲಿನಿಂದಲೇ ಸರ್ವಿಸ್ ರಸ್ತೆ ಹಿಡಿಯುವುದು ವಾಸಿ. ಬೈಕು, ಆಟೋಗಳಿಗೆ 2023ರ ಆಗಸ್ಟ್‌ನಿಂದ ಮುಖ್ಯ ಲೇನಿಗೆ ಪ್ರವೇಶವೇ ಇಲ್ಲ. ಕಾರಿಲ್ಲದವರು ನೇರಳೆ ಮಾರ್ಗದ ಮೆಟ್ರೋದಲ್ಲಿ ಚಲ್ಲಘಟ್ಟದವರೆಗೆ ಬಂದು ಅಲ್ಲಿಂದ ಬಸ್ಸೋ ಕ್ಯಾಬೋ ಹಿಡಿಯಬಹುದು, ಮೆಜೆಸ್ಟಿಕ್‌ನಿಂದ ಬಿಎಂಟಿಸಿ ಬಸ್ಸೂ ಇದೆ. ಬಿಡದಿಯ ತಟ್ಟೆ ಇಡ್ಲಿ ತಿಂದು ಹೋಗುವ ಆಸೆ ಇದ್ದರೆ ಒಂದು ಮಾತು: ಬೆಂಗಳೂರಿನಿಂದ ಬರುವವರಿಗೆ ಬಿಡದಿ ಪಾರ್ಕಿನ ತಿರುವಿಗಿಂತ ಮುಂದಿದೆ, ಹೋಗಿ ತಿರುಗಿ ಬರಬೇಕು. ಮೈಸೂರು, ಮಂಡ್ಯ ಕಡೆಯಿಂದ ಬರುವವರಿಗೆ ಅದು ದಾರಿಯಲ್ಲೇ ಸಿಗುತ್ತದೆ. ಇಡ್ಲಿ ಒಳ್ಳೆಯ ತಿಂಡಿಯೂ ಹೌದು. ಪೂರಿ ಸಾಗು ಹೊಟ್ಟೆ ತುಂಬ ತಿಂದು ತಿರುಗುವ ರೈಡ್ ಹತ್ತಿದ ಮಕ್ಕಳು ಹನ್ನೊಂದೂವರೆಗೇ ವಾಂತಿ ಮಾಡುತ್ತಾರೆ.

ಬಟ್ಟೆಯ ವಿಷಯಕ್ಕೆ ಬರೋಣ, ಏಕೆಂದರೆ ಅತಿ ಹೆಚ್ಚು ಜಗಳ ಆಗುವುದು ಇಲ್ಲೇ. ನೀರಿನ ಭಾಗದಲ್ಲಿ ನೈಲಾನ್ ಅಥವಾ ಪಾಲಿಯೆಸ್ಟರ್ ಈಜು ಬಟ್ಟೆ ಕಡ್ಡಾಯ. ಹತ್ತಿಯ ಟೀ ಶರ್ಟ್, ಜೀನ್ಸ್, ಚೂಡಿದಾರ್, ಸೀರೆ, ಪಂಚೆ ಯಾವುದಕ್ಕೂ ಬಿಡುವುದಿಲ್ಲ. ಅಲ್ಲಿನ ಅಂಗಡಿಯಲ್ಲಿ ಕೊಳ್ಳಲಿ ಅಂತ ಮಾಡಿದ ನಿಯಮ ಎಂದು ಹಲವರು ಗೊಣಗುವುದುಂಟು, ಆದರೆ ಕಾರಣಗಳು ಗಟ್ಟಿಯಾಗಿವೆ. ಹತ್ತಿ ತನ್ನ ತೂಕದ ಎರಡು ಪಟ್ಟಿಗೂ ಹೆಚ್ಚು ನೀರು ಹೀರುತ್ತದೆ, ಒದ್ದೆಯಾದ ಬಟ್ಟೆ ಭಾರವಾಗಿ ಕೈಕಾಲು ಸಲೀಸಾಗಿ ಆಡಿಸಲು ಬಿಡುವುದಿಲ್ಲ. ಸ್ಲೈಡಿನ ಮೇಲೆ ಹತ್ತಿ ಉಜ್ಜಿ ನಡುವೆಯೇ ಮೈ ನಿಂತುಬಿಡುತ್ತದೆ, ಹಿಂದಿನಿಂದ ಬರುವವರು ಬಂದು ಗುದ್ದುತ್ತಾರೆ. ಹತ್ತಿಯ ಎಳೆ ಕಳಚಿ ಫಿಲ್ಟರ್ ಸೇರುತ್ತದೆ. ದುಪಟ್ಟಾದಂಥ ಸಡಿಲ ಬಟ್ಟೆ ಟ್ಯೂಬಿನ ಹಿಡಿಗೆ ಸುತ್ತಿಕೊಳ್ಳುತ್ತದೆ. ಜಿಪ್ಪು, ಲೋಹದ ಗುಂಡಿ, ರಿವೆಟ್ಟುಗಳು ಸ್ಲೈಡಿನ ನುಣುಪು ಮೇಲ್ಪದರವನ್ನು ಗೀರುತ್ತವೆ, ಆ ಗೀರು ಮುಂದೆ ಬರುವ ಮಗುವಿನ ಬೆನ್ನನ್ನು ತರಚುತ್ತದೆ.

ಮೈ ಪೂರ್ತಿ ಮುಚ್ಚುವ, ಮೊಣಕಾಲ ಕೆಳಗಿನವರೆಗೆ ಪ್ಯಾಂಟಿರುವ, ಉದ್ದ ತೋಳಿನ ಈಜು ಬಟ್ಟೆಗಳು ಹೆಂಗಸರಿಗೂ ಮಕ್ಕಳಿಗೂ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತವೆ. ಸಂಕೋಚ ಇರುವವರಿಗೆ ಅದು ಆರಾಮ, ಬಿಸಿಲಿಗೂ ಅದೇ ಕೊಡೆ. ಒಂದು ವಾರ ಮುಂಚೆ ಕೊಂಡು ಮನೆಯಲ್ಲಿ ಹಾಕಿಸಿ ನೋಡಿ. ಮಕ್ಕಳಿಗೆ ಬಣ್ಣ ಆರಿಸುವಾಗ ತಿಳಿನೀಲಿ, ಬಿಳಿ, ಬೂದು ಬೇಡವೇ ಬೇಡ. ಕೊಳದ ತಳ ನೀಲಿ ಇರುವಾಗ ನೀಲಿ ಬಟ್ಟೆಯ ಮಗು ಎರಡಡಿ ಕೆಳಗೆ ಹೋದರೆ ಕಣ್ಣಿಗೆ ಸಿಗುವುದಿಲ್ಲ. ಕಡು ಕಿತ್ತಳೆ, ರಾಣಿ ಬಣ್ಣ, ಗಿಳಿಹಸಿರು, ಹಳದಿಯಂಥ ಕಣ್ಣು ಕುಕ್ಕುವ ಬಣ್ಣ ತೆಗೆದುಕೊಳ್ಳಿ.

ಚಿನ್ನವನ್ನು ಮನೆಯಲ್ಲೇ ಬಿಡಿ. ತಣ್ಣೀರಿನಲ್ಲಿ ಬೆರಳು ಸಣ್ಣಗಾಗುತ್ತದೆ, ಬಿಗಿಯಾಗಿದ್ದ ಉಂಗುರ ತಾನಾಗಿ ಜಾರುತ್ತದೆ, ಅಲೆ ಏಳುವ ಕೊಳದಲ್ಲಿ ಬಿದ್ದದ್ದು ಸಿಗುವುದು ಕಷ್ಟ. ಗಾಜಿನ ಬಳೆ ಒಡೆದರೆ ಬರಿಗಾಲಿನ ನೂರಾರು ಜನರಿಗೆ ಅಪಾಯ. ಕಾಲ್ಗೆಜ್ಜೆ ಸಿಕ್ಕಿಹಾಕಿಕೊಳ್ಳುತ್ತದೆ. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದವರು ಅರಿಶಿನದ ದಾರದಲ್ಲಿ ಕಟ್ಟಿಕೊಂಡು ಬಟ್ಟೆಯ ಒಳಗೆ ಸೇರಿಸಿಕೊಳ್ಳಲಿ. ಉದ್ದ ಕೂದಲಿರುವವರು ಬಿಗಿಯಾಗಿ ಜಡೆ ಹಾಕಿ ತುರುಬು ಕಟ್ಟಿಕೊಳ್ಳಬೇಕು, ಕೊಳದ ನೀರು ಹೊರಹೋಗುವ ಕಿಂಡಿಗಳಲ್ಲಿ ಎಳೆತ ಇರುತ್ತದೆ. ನೀರಿಗೆ ಇಳಿಯುವ ಮುಂಚೆ ಶವರಿನ ಒಳ್ಳೆಯ ನೀರಿನಲ್ಲಿ ತಲೆ ಪೂರ್ತಿ ನೆನೆಸಿದರೆ ಕೂದಲು ಆ ನೀರನ್ನೇ ಕುಡಿದಿರುತ್ತದೆ, ಕ್ಲೋರಿನ್ ನೀರನ್ನು ಕಡಿಮೆ ಹೀರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಇಳಿಯಲೇಬಾರದು, ಲೆನ್ಸ್ ಮತ್ತು ಕಣ್ಣಿನ ನಡುವೆ ಸೇರಿದ ರೋಗಾಣು ಕಣ್ಣಿಗೇ ಕುತ್ತು ತರಬಹುದು.

ಸನ್‌ಸ್ಕ್ರೀನ್ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಅಳತೆಯದ್ದು. ಡಬ್ಬಿಯ ಮೇಲೆ ಬರೆದ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಎಂಬ ಅಂಕಿ) ಸಿಗಬೇಕಾದರೆ ಮೈಪೂರ್ತಿಗೆ ದೊಡ್ಡವರಿಗೆ ಸುಮಾರು 35 ಮಿ.ಲೀ., ಅಂದರೆ ಏಳು ಟೀ ಚಮಚ ಬೇಕು. ಉದ್ದ ತೋಳಿನ ಬಟ್ಟೆ ಹಾಕಿದ್ದರೆ ಮುಖ ಮತ್ತು ಕತ್ತಿಗೆ ಒಂದು ಚಮಚ, ಕೈ ಕಾಲಿನ ತೆರೆದ ಭಾಗಕ್ಕೆ ಇನ್ನೊಂದು, ಹತ್ತು ಮಿ.ಲೀ.ಗೆ ಮುಗಿಯುತ್ತದೆ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳ ಮನೆಗೆ ಒಂದು ಸಲಕ್ಕೆ ಮೂವತ್ತು ಮಿ.ಲೀ. ಹಿಡಿಯುತ್ತದೆ. ಎರಡು ಗಂಟೆಗೊಮ್ಮೆ, ಟವೆಲಿನಿಂದ ಒರೆಸಿಕೊಂಡಾಗಲೆಲ್ಲ ಮತ್ತೆ ಹಚ್ಚಬೇಕು. ಲೆಕ್ಕ ಹಾಕಿದರೆ 50 ಮಿ.ಲೀ. ಟ್ಯೂಬು ಮಧ್ಯಾಹ್ನದ ಊಟದ ಹೊತ್ತಿಗೇ ಖಾಲಿ, 100 ಮಿ.ಲೀ. ತನ್ನಿ. ನೀರಿಗೆ ಇಳಿಯುವ ಕಾಲು ಗಂಟೆ ಮುಂಚೆ ಹಚ್ಚಿದರೆ ಚರ್ಮಕ್ಕೆ ಹಿಡಿದುಕೊಳ್ಳುತ್ತದೆ. ಮರೆಯುವ ಜಾಗಗಳು ಮೂರು: ಕಿವಿಯ ತುದಿ, ಪಾದದ ಮೇಲ್ಭಾಗ, ಬೈತಲೆ. ಆರು ತಿಂಗಳೊಳಗಿನ ಕೂಸಿಗೆ ಹಚ್ಚುವ ಬದಲು ನೆರಳಲ್ಲೇ ಇಟ್ಟುಕೊಳ್ಳಿ.

ಚೀಲಕ್ಕೆ ಇನ್ನೇನು: ತಲೆಗೊಂದು ಟವೆಲ್, ಒದ್ದೆ ಬಟ್ಟೆಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ (ಮಧ್ಯಾಹ್ನ ನೆಲ ಕಾದು ಬರಿಗಾಲು ಸುಡುತ್ತದೆ), ಬ್ಯಾಂಡೇಜ್ ಪಟ್ಟಿ, ದಿನವೂ ತೆಗೆದುಕೊಳ್ಳುವ ಮಾತ್ರೆ. ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಕೂಸಿನ ಆಹಾರಕ್ಕೆ ಮಾತ್ರ ವಿನಾಯಿತಿ. ಬ್ಯಾಗಿನ ತಳದಲ್ಲಿ ಚಿತ್ರಾನ್ನ ಅಡಗಿಸಿಟ್ಟು ಗೇಟಿನಲ್ಲಿ ವಾದ ಮಾಡುವುದಕ್ಕಿಂತ ಕಾರಿನಲ್ಲೇ ಬಿಟ್ಟು, ವಾಪಸ್ ಹೊರಡುವಾಗ ಪಾರ್ಕಿಂಗಿನಲ್ಲಿ ತಿನ್ನಿ. ಆದರೆ ಮುಚ್ಚಿದ ಕಾರಿನ ಬಿಸಿಯಲ್ಲಿ ಮೊಸರನ್ನ, ಕಾಯಿ ಚಟ್ನಿ ಸಂಜೆಗೆ ಹಳಸಿರುತ್ತವೆ. ಚಪಾತಿ, ಚಟ್ನಿಪುಡಿ, ಕೋಡುಬಳೆ, ಅವಲಕ್ಕಿ ಉಳಿಯುತ್ತವೆ. ಮೊಬೈಲಿಗೆ ಪ್ಲಾಸ್ಟಿಕ್ ಕವರ್ ಕೊಂಡಿದ್ದರೆ ಮೊದಲು ಅದರೊಳಗೆ ಬರೀ ಟಿಶ್ಯೂ ಕಾಗದ ಇಟ್ಟು ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡಿ.

ಲಾಕರ್ ತೆಗೆದುಕೊಂಡ ಮೇಲೆ ಅದರ ನಂಬರಿನ ಫೋಟೋ ಹಿಡಿದು, ಕೀ ಒಬ್ಬರ ಬಳಿಯೇ ಇರಲಿ. ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಅಂತ ಒಂದು ಜಾಗ ತೋರಿಸಿ ಮಕ್ಕಳ ಬಾಯಲ್ಲಿ ಹೇಳಿಸಿ. ಚಿಕ್ಕವರ ಮೊಣಕೈ ಒಳಭಾಗದಲ್ಲಿ ಪರ್ಮನೆಂಟ್ ಮಾರ್ಕರಿನಿಂದ ಫೋನ್ ನಂಬರ್ ಬರೆಯಿರಿ. ಲಾಕರಿನಲ್ಲಿ ಬಿದ್ದಿರುವ ಫೋನಿನ ನಂಬರ್ ಬರೆದರೆ ಪ್ರಯೋಜನವಿಲ್ಲ, ಯಾರ ಕೈಯಲ್ಲಿ ಫೋನ್ ಇರುತ್ತದೋ ಅವರದ್ದು ಬರೆಯಬೇಕು.

ಸ್ಲೈಡಿನ ಮೇಲೆ ಹೇಗೆ ಮಲಗಬೇಕು ಎಂಬುದನ್ನು ಮನೆಯ ಚಾಪೆಯ ಮೇಲೆಯೇ ಕಲಿಸಿ. ಬರೀ ಮೈಯಲ್ಲಿ ಜಾರುವ ಸ್ಲೈಡಿನಲ್ಲಿ ಅಂಗಾತ ಮಲಗಿ, ಒಂದು ಪಾದದ ಗೆಣ್ಣಿನ ಮೇಲೆ ಇನ್ನೊಂದನ್ನು ಅಡ್ಡ ಇಟ್ಟು, ಕೈಗಳನ್ನು ಎದೆಯ ಮೇಲೆ ಕಟ್ಟಿ, ಗದ್ದವನ್ನು ಸ್ವಲ್ಪ ಎದೆಯ ಕಡೆ ಬಾಗಿಸಬೇಕು. ಒಂದೊಂದಕ್ಕೂ ಕಾರಣವಿದೆ. ಕಾಲು ಅಡ್ಡ ಇಡದಿದ್ದರೆ ಕೆಳಗೆ ನೀರಿಗೆ ಬಡಿಯುವಾಗ ತೊಡೆಗಳು ಅಗಲವಾಗಿ ನೀರು ರಭಸದಿಂದ ಒಳನುಗ್ಗುತ್ತದೆ, ಹೆಣ್ಣುಮಕ್ಕಳಿಗೆ ಅದರಿಂದ ಗಾಯವೂ ಆಗಬಹುದು. ಕೈ ಬಿಟ್ಟರೆ ಮೊಣಕೈ ಅಂಚಿಗೆ ಉಜ್ಜುತ್ತದೆ. ತಲೆ ಹಿಂದಕ್ಕೆ ಬಿಟ್ಟರೆ ಜೋಡಣೆಯ ಮೇಲೆ ಹಾಯುವಾಗ ಹಿಂದಲೆ ಟಕ್ ಅಂತ ಬಡಿಯುತ್ತದೆ. ತಿರುವಿನಲ್ಲಿ ಹೆದರಿ ಎದ್ದು ಕೂತರೆ ಮೈಯ ತೂಕ ಮೇಲೆ ಸೇರಿ ಮಗುಚಿಬೀಳುವ ಸಂಭವ ಜಾಸ್ತಿ. ಕೆಳಗೆ ಬಂದ ತಕ್ಷಣ ಮೂಗಿಗೆ ನೀರು ಹೋದರೂ ಸರಿ, ಎದ್ದು ಪಕ್ಕಕ್ಕೆ ಸರಿಯಬೇಕು. ಮೇಲಿರುವ ಸಿಬ್ಬಂದಿ ಕೈ ಮಾಡಿದ ಮೇಲಷ್ಟೇ ಮುಂದಿನವರು ಹೊರಡಬೇಕು. ಟ್ಯೂಬಿನಲ್ಲಾದರೆ ಹಿಡಿ ಬಿಡಬಾರದು, ಕಾಲು ಕೆಳಗೆ ತೂಗಬಾರದು. ನಾಲ್ವರು ಕೂರುವ ದೋಣಿಟ್ಯೂಬಿನಲ್ಲಿ ಭಾರದವರೆಲ್ಲ ಒಂದೇ ಕಡೆ ಕೂತರೆ ತಿರುವಿನಲ್ಲಿ ಆ ಕಡೆ ಗೋಡೆ ಹತ್ತುತ್ತದೆ, ಎದುರುಬದುರು ಸಮ ಮಾಡಿ ಕೂರಿ.

ಸ್ಲೈಡಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಅಲೆಗಳ ಕೊಳದಲ್ಲಿ. ಅದರ ಆಳದ ತುದಿಯ ಗೋಡೆಯ ಹಿಂದೆ ಕೋಣೆಗಳಿರುತ್ತವೆ, ಅವುಗಳೊಳಗೆ ಗಾಳಿ ತಳ್ಳಿ ಬಿಟ್ಟು ಮಾಡುತ್ತ ನೀರನ್ನು ತೂಗಿಸುತ್ತಾರೆ. ತುಸು ಹೊತ್ತು ಅಲೆ, ತುಸು ಹೊತ್ತು ಶಾಂತ. ಶಾಂತವಾಗಿರುವಾಗ ಜನ ನಡೆದು ನಡೆದು ಎದೆಮಟ್ಟದ ನೀರಿಗೆ ಬಂದುಬಿಟ್ಟಿರುತ್ತಾರೆ. ಸೈರನ್ ಊದಿ ಅಲೆ ಶುರುವಾದಾಗ ಎದೆಮಟ್ಟ ಇದ್ದದ್ದು ತಲೆಮಟ್ಟವಾಗುತ್ತದೆ, ಕಾಲು ನೆಲ ಬಿಡುತ್ತದೆ, ಸುತ್ತ ಜನರ ಮೈ, ಟ್ಯೂಬುಗಳು, ಉಸಿರು ತೆಗೆದುಕೊಳ್ಳಲು ಜಾಗವಿಲ್ಲ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಕೈಗಳು ನೀರನ್ನು ಕೆಳಗೆ ಒತ್ತುತ್ತಿರುತ್ತವೆ. ದೂರದಿಂದ ನೋಡಿದರೆ ಆಡುತ್ತಿದೆ ಅನ್ನಿಸುತ್ತದೆ. ಒಂದು ನಿಮಿಷದೊಳಗೆ ಅದು ಮುಗಿದುಹೋಗಬಹುದು.

ಆದ್ದರಿಂದ ಈಜು ಬಾರದ ಮಗುವಿಗೆ ನಿಯಮ ಒಂದೇ: ದೊಡ್ಡವರ ಕೈಗೆ ಎಟುಕುವಷ್ಟು ದೂರ, ಅದಕ್ಕಿಂತ ಆಚೆ ಇಲ್ಲ. ಮಗು ಸೊಂಟಮಟ್ಟದ ನೀರಿಗಿಂತ ಮುಂದೆ ಹೋಗುವುದು ಬೇಡ, ಸೊಂಟ ಎಂದರೆ ಮಗುವಿನ ಸೊಂಟ. ಗಾಳಿ ತುಂಬಿದ ಕೈಪಟ್ಟಿ, ಬಾತುಕೋಳಿ ಟ್ಯೂಬು ಆಟದ ಸಾಮಾನು, ಜೀವ ಕಾಯುವ ಸಾಮಾನಲ್ಲ. ಲೈಫ್‌ಗಾರ್ಡ್ ಇದ್ದಾರಲ್ಲ ಎನ್ನುವುದು ಸಾಲದು, ಅವರು ನೂರಾರು ತಲೆ ನೋಡುತ್ತಿರುತ್ತಾರೆ, ನಿಮ್ಮದು ಒಂದೇ ತಲೆ. ಅತ್ತೆ, ಮಾವ, ಚಿಕ್ಕಪ್ಪ ಎಲ್ಲ ಸೇರಿ ಹತ್ತು ಜನ ಬಂದಾಗಲೇ ಅಪಾಯ ಜಾಸ್ತಿ, ಯಾಕೆಂದರೆ ಎಲ್ಲರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡಿರುತ್ತಾರೆ. ಹೆಸರು ಹಿಡಿದು ಒಪ್ಪಿಸಿ: ಈ ಕಾಲು ಗಂಟೆ ಪುಟ್ಟಿ ನಿಮ್ಮ ಜವಾಬ್ದಾರಿ ಚಿಕ್ಕಪ್ಪ, ಫೋನ್ ಮುಟ್ಟಬೇಡಿ. ಕಾಲು ಗಂಟೆ ಆದ ಮೇಲೆ ಬಾಯಿಬಿಟ್ಟು ಹೇಳಿ ಮತ್ತೊಬ್ಬರಿಗೆ ಒಪ್ಪಿಸಿ.

ತಿಂಗಳ ಮುಟ್ಟು ಇದ್ದರೆ ಟ್ಯಾಂಪೂನ್ ಅಥವಾ ಕಪ್ ಬಳಸುವವರು ಧಾರಾಳ ಇಳಿಯಬಹುದು, ಪ್ಯಾಡ್ ನೀರು ಹೀರಿ ನಿಷ್ಪ್ರಯೋಜಕವಾಗುತ್ತದೆ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಬೆನ್ನು ಕತ್ತಿನ ನೋವಿರುವವರು ಸ್ಲೈಡು ಬಿಟ್ಟು ನಿಧಾನ ಹರಿಯುವ ಕಾಲುವೆಯಲ್ಲಿ ತೇಲುವ ಮುಂಚೆಯೂ ಡಾಕ್ಟರನ್ನು ಒಮ್ಮೆ ಕೇಳಲಿ. ಕಿವಿಯ ತಮಟೆ ತೂತಾಗಿದ್ದರೆ ನೀರೇ ಬೇಡ. ಹಿರಿಯರಿಗೆ ಟಿಕೆಟ್ ಕಡಿಮೆ ಇರುತ್ತದೆ, ಆದರೆ ಅವರನ್ನು ಇಡೀ ದಿನ ಚೀಲ ಕಾಯಲು ಕೂರಿಸಬೇಡಿ, ಲಾಕರ್ ಇರುವುದು ಅದಕ್ಕೇ.

ಭೇದಿ ಆಗಿರುವ ಮಗುವನ್ನು ಕರೆದುಕೊಂಡು ಹೋಗುವುದು ಬೇರೆಯವರ ಮಕ್ಕಳಿಗೆ ಮಾಡುವ ಅನ್ಯಾಯ. ಕ್ಲೋರಿನ್ ಬಹುತೇಕ ರೋಗಾಣುಗಳನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ, ಆದರೆ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಭೇದಿ ತರುವ ರೋಗಾಣು ಸರಿಯಾದ ಪ್ರಮಾಣದ ಕ್ಲೋರಿನ್‌ನಲ್ಲೂ ಒಂದು ವಾರಕ್ಕಿಂತ ಹೆಚ್ಚು ಬದುಕುತ್ತದೆ. ನೀರಿನ ಡೈಪರು ಗಟ್ಟಿಯದನ್ನು ತಡೆದೀತು, ಭೇದಿಯನ್ನು ತಡೆಯುವುದಿಲ್ಲ, ಮೂತ್ರವನ್ನಂತೂ ಇಲ್ಲವೇ ಇಲ್ಲ. ಗಂಟೆಗೊಮ್ಮೆ ಮೇಲೆ ಕರೆದು ನೋಡಿ, ಟಾಯ್ಲೆಟ್ಟಿಗೆ ಕರೆದೊಯ್ಯಿರಿ. ಕೊಳದ ಬಳಿ ಘಾಟು ಹೊಡೆದರೆ ಕ್ಲೋರಿನ್ ಜಾಸ್ತಿ ಹಾಕಿದ್ದಾರೆ ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮಿನ್‌ನ ವಾಸನೆ. ಕಣ್ಣು ಉರಿಸುವುದೂ ಅದೇ. ಇಳಿಯುವ ಮುಂಚೆ ಒಂದು ನಿಮಿಷ ಶವರಿನಲ್ಲಿ ನಿಂತರೆ ಅದು ಅಷ್ಟು ಕಡಿಮೆಯಾಗುತ್ತದೆ.

ನೀರಲ್ಲೇ ಇರುವುದರಿಂದ ಬಾಯಾರಿಕೆ ಗೊತ್ತಾಗುವುದಿಲ್ಲ, ಬೆವರು ಮಾತ್ರ ಹೋಗುತ್ತಲೇ ಇರುತ್ತದೆ. ಮಕ್ಕಳಿಗೆ ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಸಿ. ತಲೆನೋವು, ಸುಸ್ತು ಎಂದರೆ ನೆರಳಿಗೆ ತಂದು ಓಆರ್‌ಎಸ್ ಕೊಡಿ. ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ, ಚಿಕ್ಕದು 200 ಮಿ.ಲೀ.ಗೆ, ಪ್ಯಾಕೆಟ್ ಮೇಲಿನ ಅಳತೆ ಓದಿ. ಒಂದು ಲೀಟರಿನ ಪುಡಿಯನ್ನು ಅರ್ಧ ಲೀಟರ್ ಬಾಟಲಿಗೆ ಸುರಿದರೆ ಉಪ್ಪು ಎರಡು ಪಟ್ಟಾಗಿ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ತುಟಿ ನೀಲಿಯಾಗಿ ಹಲ್ಲು ಕಟಕಟ ಎನ್ನತೊಡಗಿದರೆ, ಮಗು ಇಲ್ಲ ಇಲ್ಲ ಎಂದರೂ ಮೇಲೆ ತಂದು ಒರೆಸಿ, ಒಣ ಟವೆಲ್ ಸುತ್ತಿ ಹದಿನೈದು ನಿಮಿಷ ಬಿಸಿಲಿನಲ್ಲಿ ಕೂರಿಸಿ. ಊಟವನ್ನು ಒಂದೂವರೆಗೆ ಬಿಟ್ಟು ಹನ್ನೆರಡೂಕಾಲಿಗೇ ಅಥವಾ ಎರಡೂಮುಕ್ಕಾಲಿಗೆ ಇಟ್ಟುಕೊಂಡರೆ ಫುಡ್ ಕೋರ್ಟಿನಲ್ಲಿ ಕೂರಲು ಜಾಗ ಸಿಗುತ್ತದೆ, ಎಲ್ಲರೂ ಊಟಕ್ಕೆ ಕೂತಾಗ ಸ್ಲೈಡಿನ ಕ್ಯೂ ಅರ್ಧ ಇಳಿದಿರುತ್ತದೆ.

ನೀರಿನ ಭಾಗ ಮುಚ್ಚುವ ಮುಕ್ಕಾಲು ಗಂಟೆ ಮುಂಚೆ ಮೇಲೆ ಬನ್ನಿ. ಮುಚ್ಚಿದ ಮೇಲೆ ಎಲ್ಲರೂ ಒಟ್ಟಿಗೇ ಬಟ್ಟೆ ಬದಲಿಸುವ ಕೋಣೆಗೆ ನುಗ್ಗುತ್ತಾರೆ, ಒದ್ದೆ ನೆಲದಲ್ಲಿ ಜಾರಿ ಬೀಳುವುದು ಹೆಚ್ಚಾಗಿ ಆಗಲೇ. ಕಾರು ಓಡಿಸಬೇಕಾದವರು ಕೊನೆಯ ಗಂಟೆ ನೀರಿಗೆ ಇಳಿಯದೆ ಕೂತು ಕಾಫಿ ಕುಡಿಯಲಿ, ಬಿಸಿಲು ನೀರು ಎರಡೂ ಸೇರಿದ ಮೇಲೆ ಬರುವ ನಿದ್ದೆ ಕೆಂಗೇರಿ ಟ್ರಾಫಿಕ್ಕಿನಲ್ಲಿ ಹಿಡಿಯುತ್ತದೆ.

ಕಿವಿಯ ನೀರಿಗೆ ಬಡ್ಸ್ ಹಾಕಬೇಡಿ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಿವಿಯ ಹಾಲೆಯನ್ನು ಮೆಲ್ಲಗೆ ಆಚೀಚೆ ಎಳೆದರೆ ಹರಿದು ಬರುತ್ತದೆ, ಟವೆಲ್ ತುದಿಯಿಂದ ಹೊರಗಷ್ಟೇ ಒರೆಸಿ. ಎರಡು ದಿನದ ಮೇಲೆ ಹಾಲೆ ಮುಟ್ಟಿದರೆ ನೋವು ಎಂದರೆ ಕಿವಿಯ ಡಾಕ್ಟರ ಬಳಿ ಹೋಗಿ, ಬಿಸಿ ಎಣ್ಣೆ ಬಿಡಬೇಡಿ. ಈಜು ಬಟ್ಟೆಗಳನ್ನು ರಾತ್ರಿಯೇ ಪ್ಲಾಸ್ಟಿಕ್ ಚೀಲದಿಂದ ತೆಗೆದು ಬರೀ ತಣ್ಣೀರಿನಲ್ಲಿ ಎರಡು ಸಲ ಜಾಲಿಸಿ, ಹಿಂಡದೆ ನೆರಳಲ್ಲಿ ಹರಡಿ. ಚೀಲದಲ್ಲೇ ಬೆಳಗಿನವರೆಗೆ ಬಿಟ್ಟರೆ ಕ್ಲೋರಿನ್‌ಗೆ ಬಟ್ಟೆಯಲ್ಲಿರುವ ಲೈಕ್ರಾ ಎಂಬ ಹಿಗ್ಗುವ ಎಳೆ ಸಡಿಲವಾಗಿ ಮುಂದಿನ ಸಲಕ್ಕೆ ಜೋತುಬೀಳುತ್ತದೆ.